ದೊರೆಸಾನಿ ಕೊಟ್ಟ ಗಿಡ

ಅಂದು ನನ್ನ ಬಾಯಿಂದ ಬಂದದ್ದು ಒಂದೇ ಮಾತು— “ಅಲ್ಲ.” ಅದು ಸುಳ್ಳು. ಆ ಒಂದು ಸುಳ್ಳಿನಿಂದ ಯಲ್ಲಮ್ಮನ ಕೆಲಸ ಹೋಯಿತು, ಇದ್ದ ಮನೆ ಹೋಯಿತು, ಕಳ್ಳಿ ಎಂಬ ಹೆಸರು ಅವಳ ಬೆನ್ನು ಹತ್ತಿತು. ನನಗೇನಾಯಿತು ಎಂದು ಕೇಳುತ್ತೀರಾ? ನನಗೆ ಕಾಲಲ್ಲಿ ತುಳಿಯುವ ಹೊಲಿಗೆ ಮಷಿನ್ ಸಿಕ್ಕಿತು. ಹದಿಮೂರು ವರ್ಷ ಅದರ ಮುಂದೆ ಕೂತು ಹೊಲಿದಿದ್ದೇನೆ, ಅದರಿಂದ ಉಂಡಿದ್ದೇನೆ, ನಕ್ಕಿದ್ದೇನೆ ಕೂಡ. ನನ್ನ ಗಂಡನಿಗೂ ಇದನ್ನು ಹೇಳಿರಲಿಲ್ಲ.

ಹೇಳೋಣವೆಂದು ಕೂತರೆ ಮೊದಲು ನೆನಪಾಗುವುದು ಆ ಸುಳ್ಳಲ್ಲ, ಕೆ.ಜಿ.ಎಫ್. ಚಿನ್ನದ ಗಣಿಯಲ್ಲಿ ಊರಿಗಾಮಿನ ನಮ್ಮ ಲೈನು. ಏನು ಮಾಡಲಿ, ಮನಸ್ಸು ಹಾಗೆ— ಸುಖವಾಗಿದ್ದ ಕಡೆಗೇ ಓಡುತ್ತದೆ. ಸಾಲಾಗಿ ನಿಂತ ಒಂದೊಂದೇ ಕೋಣೆಯ ಮನೆಗಳು, ತಟ್ಟಿಯ ಗೋಡೆ, ತುದಿಯಲ್ಲಿ ಇಡೀ ಲೈನಿಗೆ ಒಂದು ನಲ್ಲಿ. ಎಡಗಡೆ ಮನೆಯವರದು ತಮಿಳು, ಬಲಗಡೆಯವರದು ತೆಲುಗು, ನಮ್ಮದು ಕನ್ನಡ. ನಲ್ಲಿ ಹತ್ತಿರ ಜಗಳವಾದರೆ ಮೂರೂ ಭಾಷೆಯಲ್ಲಿ ಬೈಗುಳ, ಮೂರೂ ಎಲ್ಲರಿಗೂ ಅರ್ಥವಾಗುತ್ತಿತ್ತು. ಪಾಳಿ ಬದಲಾಗುವ ಹೊತ್ತಿಗೆ ಗಣಿಯ ಸೈರನ್ನು, ನಮ್ಮ ಬಾಯಲ್ಲಿ ಸಂಗು, ಕೂಗುತ್ತಿತ್ತು. ಅದನ್ನು ಕೇಳಿಯೇ ನಾವು ಒಲೆ ಹಚ್ಚುವುದು, ಸಾರಿಗೆ ಒಗ್ಗರಣೆ ಹಾಕುವುದು. ಎಷ್ಟೋ ಆಳದಲ್ಲಿ ಬಂಡೆ ಸಿಡಿದರೆ ಮೇಲೆ ನಮ್ಮ ಗೂಡಿನ ತಟ್ಟೆಗಳು ಗಲಗಲ ಅನ್ನುತ್ತಿದ್ದವು. ಆಗ ಹೆಂಗಸರೆಲ್ಲ ಮಾತು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಯಲ್ಲಮ್ಮನ ಗಂಡ ಹೋದದ್ದು ಅಂಥ ಒಂದು ಸಿಡಿತದಲ್ಲೇ.

ಯಲ್ಲಮ್ಮ ಬಂಗಾರಪೇಟೆ ಕಡೆಯ ಒಂದು ಹಳ್ಳಿಯವಳು, ಕುರಿ ಮೇಯಿಸುವವರ ಮನೆಯ ಹೆಣ್ಣು. ನನಗಿಂತ ಏಳೆಂಟು ವರ್ಷ ಚಿಕ್ಕವಳು. ಗಂಡ ಹೋದ ಮೇಲೆ ಪಕ್ಕದ ಚಾಂಪಿಯನ್ ರೀಫ್ಸ್ ಗಣಿಯ ಒಬ್ಬ ಬಿಳಿಯ ದೊಡ್ಡ ಸಾಹೇಬರ ಬಂಗಲೆಯಲ್ಲಿ ತೋಟಕ್ಕೆ ನೀರು ಹಾಕುವ ಕೆಲಸ ಸಿಕ್ಕಿತು. ಆ ಕೆಲಸ ಇರುವವರೆಗೆ ಲೈನಿನ ಮನೆಯೂ ಇರುತ್ತದೆ ಎಂದಾಯಿತು. ಅದೇ ಬಂಗಲೆಯ ಹಿಂದಿನ ವರಾಂಡದಲ್ಲಿ ನಾನು ವಾರಕ್ಕೆ ಮೂರು ದಿನ ಕೂತು ಪರದೆ, ದಿಂಬಿನ ಚೀಲ, ಸಾಹೇಬರ ಹೆಂಡತಿಯ ಗೌನು ಹೊಲಿಯುತ್ತಿದ್ದೆ. ಆ ಹೆಂಗಸನ್ನು ಎಲ್ಲರೂ ದೊರೆಸಾನಿ ಎನ್ನುತ್ತಿದ್ದೆವು. ಯಲ್ಲಮ್ಮನೂ ನಾನೂ ಒಟ್ಟಿಗೇ ಹೋಗುವುದು, ಒಟ್ಟಿಗೇ ಬರುವುದು. ದಾರಿಯುದ್ದಕ್ಕೂ ಅವಳ ಬಾಯಿ ಬಿಡುವಿಲ್ಲದೆ ಆಡುತ್ತಿತ್ತು, ನಾನು ಹೂಂ ಎನ್ನದಿದ್ದರೆ, “ಅಕ್ಕಾ, ನಿದ್ದೆ ಮಾಡ್ಕಂಡು ನಡೀತಿದ್ದೀರಾ?” ಎಂದು ಛೇಡಿಸುತ್ತಿದ್ದಳು.

ದೊರೆಸಾನಿಯ ತೋಟದಲ್ಲಿ ಎರಡು ಪೊದೆಗಳಿದ್ದವು. ನನ್ನೆದೆಯವರೆಗೆ ಬರುವಷ್ಟು ಎತ್ತರ. ಹೂ ನೋಡಿದರೆ ನಮ್ಮ ಸೇವಂತಿಗೆಯ ಸಂಬಂಧಿಯೇ— ನಡುವೆ ಹಳದಿ, ಸುತ್ತ ಬಿಳಿ ಎಸಳು. ಆದರೆ ಸೇವಂತಿಗೆಯ ದಂಟು ಮೆದು, ಇದರದ್ದು ಕಟ್ಟಿಗೆ. ಹೂ ಬಿಟ್ಟಾಗ ಎಲೆಯೇ ಕಾಣುತ್ತಿರಲಿಲ್ಲ. ಅದರ ಹೆಸರು ಡೈಸಿ ಬುಷ್, ಕಡಲಾಚೆ ತನ್ನ ತಾಯಿಯ ಮನೆ ಬಾಗಿಲಲ್ಲಿ ಇಂಥದೇ ಇತ್ತು ಎಂದು ದೊರೆಸಾನಿ ಅರೆಬರೆ ತಮಿಳಿನಲ್ಲಿ ಹೇಳಿದ್ದರು. ಒಂದು ಸಲ ಅವರ ಗೌನು ಬಹಳ ಚೆನ್ನಾಗಿ ಕೂತಿತೆಂದು ಸಂತೋಷವಾಗಿ, ಬೇರು ಬಿಟ್ಟ ಒಂದು ಕಡ್ಡಿಯನ್ನು ಡಬ್ಬದಲ್ಲಿ ನೆಟ್ಟು ನನ್ನ ಕೈಗಿಟ್ಟರು. ಜೊತೆಗೊಂದು ಚೀಟಿ. ಚಿನ್ನದ ಊರಲ್ಲವೆ ನಮ್ಮದು— ಅಲ್ಲಿ ಹಿಡಿ ಮಣ್ಣು ಬೇಲಿ ದಾಟಬೇಕಾದರೂ ಚೀಟಿ ಬೇಕು. ಗೇಟಿನ ಕಾವಲುಗಾರ ಚೀಟಿ ನೋಡಿ, ಡಬ್ಬದ ಮಣ್ಣಿಗೆ ನಾಲ್ಕು ಕಡೆ ತಂತಿ ಚುಚ್ಚಿ, ಏನೂ ತಗುಲಲಿಲ್ಲವೆಂದು ಖಾತ್ರಿಯಾದ ಮೇಲೆ ಬಿಟ್ಟ.

ಈಗ ನನ್ನ ದಡ್ಡತನ ಕೇಳಿ. ಅದಿರು ಅರೆದು ಚಿನ್ನ ತೆಗೆದು ಉಳಿದ ಪುಡಿಯನ್ನು ಸುರಿದೂ ಸುರಿದೂ ನಮ್ಮಲ್ಲಿ ಗುಡ್ಡಗಳೇ ಎದ್ದಿದ್ದವು. ಸೈನೈಡ್ ಗುಡ್ಡ ಎನ್ನುತ್ತಿದ್ದೆವು. ಗಾಳಿ ಬೀಸಿದರೆ ಬಿಳಿ ಧೂಳು ಅನ್ನದ ಮೇಲೆ, ಒಣಹಾಕಿದ ಸೀರೆ ಮೇಲೆ, ಗಿಡದ ಮೇಲೆ. ಬೆಳಗೆದ್ದು ಒದ್ದೆ ಬಟ್ಟೆಯಲ್ಲಿ ಗಿಡಗಳ ಎಲೆ ಒರೆಸುವುದು ನಮ್ಮ ಲೈನಿನ ಹೆಂಗಸರ ಪದ್ಧತಿ. ಒರೆಸದಿದ್ದರೆ ಗಿಡಕ್ಕೆ ವಿಷವೇರುತ್ತದೆ ಎಂದು ನಂಬಿದ್ದೆವು. ನನ್ನ ಮನೆ ಮುಂದೆ ಡಬ್ಬಗಳಲ್ಲಿ ಐದು ಗುಲಾಬಿ ಇದ್ದವು. ಅವನ್ನು ಮಕ್ಕಳ ಮುಖ ಒರೆಸಿದ ಹಾಗೆ ಒರೆಸುತ್ತಿದ್ದೆ. ಈ ಡೈಸಿ ಗಿಡದ ಎಲೆ ಮಗುಚಿ ನೋಡಿದೆ— ಕೆಳಗೆಲ್ಲ ಬಿಳಿ! ಒರೆಸಿದೆ, ಹೋಗಲಿಲ್ಲ. ಸೀಗೆಪುಡಿ ಹಾಕಿ ಉಜ್ಜಿದೆ, ಎಲೆ ಹರಿಯಿತೇ ಹೊರತು ಬಿಳುಪು ಹೋಗಲಿಲ್ಲ. ವಾರಗಟ್ಟಲೆ ಉಜ್ಜಿ ಉಜ್ಜಿ, ಮೇಲಿಂದ ನೀರು ಸುರಿದೂ ಸುರಿದೂ ಅದು ಸೊರಗಿತು. ವಿಷ ಒಳಗೇ ಇಳಿದಿದೆ, ಇನ್ನು ನನ್ನ ಗುಲಾಬಿಗಳಿಗೂ ಹತ್ತುತ್ತದೆ ಎಂದು ಮೂಗು ಮುರಿದು, ಬೇರುಸಹಿತ ಕಿತ್ತು ತಿಪ್ಪೆಗೆ ಎಸೆದೆ.

ಯಲ್ಲಮ್ಮ ನಲ್ಲಿಯಿಂದ ನೀರು ತರುತ್ತಿದ್ದಳು. ಕೊಡ ಇಳಿಸಿ ಅದನ್ನೆತ್ತಿಕೊಂಡಳು. ಎಲೆಯ ಹಿಂಭಾಗವನ್ನು ಕೆನ್ನೆಗೆ ಒತ್ತಿಕೊಂಡು ನಕ್ಕಳು.

“ಇದು ಧೂಳಲ್ಲ ಕಣಕ್ಕಾ, ಎಲೆ ಜೊತೇಲೇ ಉಟ್ಟಿರೋ ತುಪ್ಪಳ. ಮುಟ್ಟಿ ನೋಡಿ, ಕುರಿಮರಿ ಕಿವಿ ಇದ್ದಂಗದೆ. ಬಿಸಿಲು ತಡಕೊಳ್ಳಾಕೆ ಅದ್ಕೆ ದೇವ್ರು ಕೊಟ್ಟಿರೋದು. ನೀವು ಅದ್ರ ಚರ್ಮಾನೇ ಸುಲಿದಿದ್ದೀರಲ್ಲ!”

“ಸತ್ತಿದೆ ಮಾರಾಯ್ತಿ. ಬೇಕಾದರೆ ತಗೊಂಡು ಹೋಗು,” ಎಂದೆ.

ಹಾಗೆಂದದ್ದು ನಾನೇ. ಆ ಮಾತನ್ನು ನಾನೇ ಹೇಳಿದೆ, ನನ್ನ ಬಾಯಿಂದಲೇ.

ಅವಳು ಅದನ್ನು ಬದುಕಿಸಿದ್ದನ್ನು ನೋಡಬೇಕಿತ್ತು. ಒಡೆದ ಮಡಕೆಗೆ ಹಳ್ಳದ ಮರಳು, ಕೆಂಪು ಮಣ್ಣು, ತನ್ನ ಊರಿಂದ ತಂದ ಕುರಿ ಹಿಕ್ಕೆಯ ಪುಡಿ. ನೀರು ಬುಡಕ್ಕೆ ಮಾತ್ರ, ಅದೂ ಮಣ್ಣೊಳಗೆ ಬೆರಳಿಟ್ಟು ನೋಡಿ ಒಣಗಿದ್ದರೆ ಮಾತ್ರ. ಎಲೆಯ ಮೇಲೆ ಹನಿ ಬೀಳಗೊಡಳು. ಮೊದಲ ತಿಂಗಳು ಮಧ್ಯಾಹ್ನದ ಬಿಸಿಲಿಗೆ ಗೋಣಿ ಮರೆ ಕಟ್ಟಿದಳು. ಚಿಗುರು ಗೇಣುದ್ದ ಆದಾಗ ತುದಿ ಚಿವುಟಿದಳು. “ಪಾಪ, ಯಾಕೆ ಕೀಳ್ತೀಯೆ?” ಎಂದರೆ, “ಒಂದು ತಲೆ ಕಿತ್ರೆ ಎಲ್ಡು ತಲೆ ಬತ್ತದಕ್ಕಾ. ಸುಮ್ಕಿರಿ,” ಎನ್ನುವಳು. ಮಡಕೆ ಸಾಲದಾಗಿ ದೊಡ್ಡ ತೊಟ್ಟಿಗೆ ಬದಲಾಯಿಸಿದಳು. ಎರಡನೆಯ ವರ್ಷ ಶಿವರಾತ್ರಿ ಕಳೆದ ಮೇಲೆ ಒಂದು ಬೆಳಗ್ಗೆ— ಅಬ್ಬಾ, ಅವಳ ಬಾಗಿಲು ಬಿಳಿಯಾಗಿತ್ತು. ಎಡಗಡೆ ಮನೆಯವರು ಬಂದರು, ಬಲಗಡೆ ಮನೆಯವರು ಬಂದರು, ಪಾಳಿ ಮುಗಿಸಿ ಬಂದ ಗಂಡಸರು ಟೋಪಿ ಕೈಯಲ್ಲಿ ಹಿಡಿದು ನಿಂತರು. ಒಬ್ಬರು ಚಾಮಂತಿ ಎಂದರು, ಇನ್ನೊಬ್ಬರು ಅಲ್ಲವೇ ಅಲ್ಲ ಎಂದು ವಾದಕ್ಕಿಳಿದರು. ಕೊನೆಗೆ ಲೈನಿನವರು ಸೇರಿ ಇಟ್ಟ ಹೆಸರು ಯಲ್ಲಮ್ಮನ ಸೇವಂತಿ. ನನಗೆ ಹೊಟ್ಟೆಕಿಚ್ಚಾಯಿತು. ನನ್ನ ಐದು ಗುಲಾಬಿಗಳ ಕಡೆ ಅಂದು ಒಬ್ಬರೂ ತಿರುಗಿ ನೋಡಲಿಲ್ಲ.

ಇತ್ತ ದೊರೆಸಾನಿ ಆಗಾಗ ನನ್ನನ್ನು ಕೇಳುತ್ತಿದ್ದರು— ಗಿಡ ಹೇಗಿದೆ? ಎಸೆದೆ ಎಂದು ಹೇಗೆ ಹೇಳಲಿ? ಚೆನ್ನಾಗಿದೆ ಎಂದೆ. ಮತ್ತೊಮ್ಮೆ ಕೇಳಿದಾಗ, ಇಲ್ಲಿ ಧೂಳು ಜಾಸ್ತಿ, ಬಂಗಾರಪೇಟೆಯ ನನ್ನ ತವರಿನಲ್ಲಿ ನೆಟ್ಟಿದ್ದೇನೆ ಎಂದೆ. ಆಮೇಲೆ ಹೂ ಬಿಟ್ಟಿದೆ ಎಂದೆ, ನನ್ನ ತಾಯಿ ಅದಕ್ಕೆ ದಿನಾ ಕೈ ಮುಗಿಯುತ್ತಾಳೆ ಎಂದೂ ಸೇರಿಸಿದೆ. ಕೇಳಿ ಅವರ ಕಣ್ಣು ತುಂಬಿತು. ಗಣಿ ಕಂಪನಿ ಬಿಳಿಯರ ಕೈಯಿಂದ ಸರ್ಕಾರದ ಕೈಗೆ ಹೋಗುತ್ತದೆಂಬ ಸುದ್ದಿ ಹಬ್ಬಿದ್ದ ಕಾಲ. ಸಾಹೇಬರು ಒಬ್ಬೊಬ್ಬರೇ ಊರಿಗೆ ಹೊರಡುತ್ತಿದ್ದರು. ದೊರೆಸಾನಿ ನನ್ನ ಕೈ ಹಿಡಿದು, ನಾನು ಕೊಟ್ಟದ್ದನ್ನು ನೀನು ಇಷ್ಟು ಜೋಪಾನ ಮಾಡಿದ್ದೀಯ, ಹೋಗುವಾಗ ಈ ಹೊಲಿಗೆ ಮಷಿನ್ ನಿನಗೇ ಬಿಟ್ಟು ಹೋಗುತ್ತೇನೆ ಎಂದರು. ಆ ಮಷಿನ್ನಿನ ಮೇಲೆ ನನಗೆ ಎಂಥ ಆಸೆ ಇತ್ತೆಂದರೆ— ಬೇಡ, ಅದನ್ನು ವಿವರಿಸಿದರೆ ನೆಪ ಹೇಳಿದಂತಾಗುತ್ತದೆ.

ಮನೆಗೆ ಬಂದವಳೇ ಯಲ್ಲಮ್ಮನ ಬಾಗಿಲಿಗೆ ಹೋದೆ. ನಾನು ಗಿಡ ಎಸೆದ ಸಂಗತಿ ಯಾರಿಗೂ ಬಾಯಿ ಬಿಡಬೇಡ, ದೊರೆಸಾನಿ ಕಿವಿಗೆ ಬಿದ್ದರೆ ನನ್ನ ಮರ್ಯಾದೆ ಮೂರು ಕಾಸಾಗುತ್ತದೆ ಎಂದು ಗೋಗರೆದೆ. ಅವಳು ಹೂವಿನ ಒಣ ತಲೆಗಳನ್ನು ಕತ್ತರಿಸುತ್ತಿದ್ದಳು. ತಿರುಗಿ ನೋಡಿ ನಕ್ಕಳು.

“ಅಯ್ಯೋ, ಇದಕ್ಯಾಕೆ ಇಷ್ಟೊಂದು ಬೆವರ್ತೀರಾ? ನನ್ನ ಬಾಯಾಗೆ ಬರಾಕಿಲ್ಲ ಬುಡಿ. ಮಾತು ಅಂದ್ರೆ ಮಾತು.”

ಅದಾಗಿ ತಿಂಗಳೂ ಆಗಿರಲಿಲ್ಲ. ಬಂಗಲೆ ತೋಟದ ಮೇಸ್ತ್ರಿ ಏನೋ ಕೆಲಸಕ್ಕೆ ನಮ್ಮ ಲೈನಿಗೆ ಬಂದವನು ಆ ಪೊದೆಯನ್ನು ನೋಡಿದ. ಎಲೆ ಮಗುಚಿದ, ಬಿಳಿ ತುಪ್ಪಳ ನೋಡಿದ. ಇಡೀ ಊರಲ್ಲಿ ಇಂಥ ಗಿಡ ಇದ್ದದ್ದು ಆ ಒಂದೇ ಬಂಗಲೆಯಲ್ಲಿ. ಮರುದಿನ ಬೆಳಗ್ಗೆ ಅವನು ಗಾಡಿಯ ಮೇಲೆ ತೊಟ್ಟಿಯನ್ನೂ, ಹಿಂದೆ ನಡೆಸಿಕೊಂಡು ಯಲ್ಲಮ್ಮನನ್ನೂ ಬಂಗಲೆಗೆ ತಂದ. ನಾನು ವರಾಂಡದಲ್ಲಿ ಹೊಲಿಯುತ್ತಿದ್ದೆ.

“ಎಲ್ಲಿಂದ ಬಂತಮ್ಮಾ ಇದು? ಚೀಟಿ ಎಲ್ಲಿ?” ಎಂದು ಮೇಸ್ತ್ರಿ ಗದರಿದ.

“ಸಿಕ್ತು,” ಎಂದಳು ಯಲ್ಲಮ್ಮ.

“ಎಲ್ಲಿ ಸಿಕ್ತು?”

“ದಾರೀಲಿ.”

ಅವಳು ಒಮ್ಮೆ, ಒಂದೇ ಒಂದು ಸಲ ತಲೆಯೆತ್ತಿ ವರಾಂಡದ ಕಡೆ ನೋಡಿದಳು. ಸಹಾಯ ಬೇಡುವ ನೋಟವಲ್ಲ ಅದು. ಹೆದರಬೇಡಿ, ನಾನು ಹೇಳುವುದಿಲ್ಲ ಎನ್ನುವ ನೋಟ. ಮೇಸ್ತ್ರಿ ತೊಟ್ಟಿಯನ್ನು ಉರುಳಿಸಿ ಗುದ್ದಲಿಯಿಂದ ಒಡೆದ. ಬೇರಿಗಂಟಿದ ಮಣ್ಣನ್ನೆಲ್ಲ ಉದುರಿಸಿ ಬೆರಳಲ್ಲಿ ಸೋಸಿದ— ಗಿಡ ಕದ್ದವಳು ಮಣ್ಣಲ್ಲಿ ಇನ್ನೇನು ಅಡಗಿಸಿದ್ದಾಳೋ ಎಂದು. ಏನಿರುತ್ತದೆ ಅಲ್ಲಿ, ಕುರಿ ಹಿಕ್ಕೆ ಬಿಟ್ಟು? ಎರಡು ವರ್ಷದ ಬೇರು ಅಂಗಳದಲ್ಲಿ ಬೆತ್ತಲೆ ಬಿದ್ದಿತ್ತು. ಯಲ್ಲಮ್ಮ ಅದರ ಮೇಲೆ ತನ್ನ ಸೆರಗು ಹಾಸಲು ಬಗ್ಗಿದಳು, ಅವನು ತಳ್ಳಿದ.

ದೊರೆಸಾನಿ ನನ್ನ ಬಳಿ ಬಂದು ನಿಂತರು. ಮೆಲ್ಲಗೆ, ಬೇರೆ ಯಾರಿಗೂ ಕೇಳದ ಹಾಗೆ ಕೇಳಿದರು: “ನಾನು ಈ ಗಿಡ ಕೊಟ್ಟದ್ದು ನಿನಗೊಬ್ಬಳಿಗೇ. ಇದು ಅದೇನಾ?”

ಅದೇ. ಕೀಳುವಾಗ ನಾನು ಗಾಯ ಮಾಡಿದ್ದ ಬುಡದ ಗುರುತು ಕೂಡ ಅಲ್ಲಿಂದಲೇ ನನಗೆ ಕಾಣುತ್ತಿತ್ತು. ಹೌದು ಎಂದರೆ ಮುಗಿಯುತ್ತಿತ್ತು. ಅವರು ನನ್ನನ್ನು ಗಲ್ಲಿಗೇನೂ ಹಾಕುತ್ತಿರಲಿಲ್ಲ. ಹೆಚ್ಚೆಂದರೆ ಮುಖ ಸಿಂಡರಿಸಿ, ಇಷ್ಟು ದಿನ ಸುಳ್ಳು ಹೇಳಿದೆಯಾ ಎನ್ನುತ್ತಿದ್ದರು. ಮಷಿನ್ ಬೇರೆ ಯಾರಿಗಾದರೂ ಹೋಗುತ್ತಿತ್ತು. ಅಷ್ಟೇ ತಾನೆ? ಅಷ್ಟೇ.

“ಅಲ್ಲ,” ಎಂದೆ. ಅಷ್ಟಕ್ಕೇ ನಿಲ್ಲಲಿಲ್ಲ ನನ್ನ ಹಾಳು ನಾಲಿಗೆ— “ನನ್ನದು ಬಂಗಾರಪೇಟೆಯಲ್ಲಿದೆಯಲ್ಲ.”

ಅಂದೇ ಯಲ್ಲಮ್ಮನ ಕೆಲಸ ತೆಗೆದರು. ಎಂಟು ದಿನದಲ್ಲಿ ಮನೆ ಖಾಲಿ ಮಾಡಬೇಕೆಂದಾಯಿತು. ಆ ಎಂಟು ದಿನ ಲೈನಿನಲ್ಲಿ ಅವಳ ಜೊತೆ ಯಾರೂ ಮಾತಾಡಲಿಲ್ಲ. ಅವಳ ಹೂವಿಗೆ ಅವಳದೇ ಹೆಸರಿಟ್ಟವರು ನಲ್ಲಿ ಹತ್ತಿರ ಅವಳು ಬಂದರೆ ಕೊಡ ಸರಿಸಿಕೊಂಡರು. ದೊರೆಸಾನಿ ನನಗೆ ಬರೆದುಕೊಟ್ಟಿದ್ದ ಆ ಚೀಟಿ ಇನ್ನೂ ನನ್ನ ಹತ್ತಿರವೇ ಇತ್ತು, ಅದೊಂದನ್ನು ತೋರಿಸಿದ್ದರೆ ಸಾಕಾಗಿತ್ತು. ಒಲೆಗೆ ಹಾಕಿದೆ. ಒಂಬತ್ತನೆಯ ದಿನ ಅವಳು ಬಂಗಾರಪೇಟೆ ರೈಲಿಗೆ ಹೊರಟಾಗ ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ತಲೆಯ ಮೇಲೊಂದು ಗಂಟು, ಕಂಕುಳಲ್ಲಿ ಒಂದು ಕೊಡ. ನಮ್ಮ ಬಾಗಿಲ ಮುಂದೆ ಅರೆಕ್ಷಣ ನಿಂತು, “ಬತ್ತೀನಕ್ಕಾ,” ಎಂದು ಮುಚ್ಚಿದ ಬಾಗಿಲಿಗೇ ಹೇಳಿ ಹೋದಳು. ನಾನು ಓ ಎನ್ನಲಿಲ್ಲ.

ದೊರೆಸಾನಿ ಹಡಗು ಹತ್ತಿದರು, ಮಷಿನ್ ನಮ್ಮ ಮನೆಗೆ ಬಂತು. ಮುಂದೆ ನನ್ನ ಗಂಡ ಅದಿರು ಅರೆಯುವ ಗಿರಣಿಯ ಕೆಲಸ ಬಿಟ್ಟು ನಾವು ಬಂಗಾರಪೇಟೆಗೇ ಬಂದು ನೆಲೆಸಿದೆವು. ನನ್ನ ಹೊಲಿಗೆಗೆ ಒಳ್ಳೆಯ ಹೆಸರು ಬಂತು. ಯಲ್ಲಮ್ಮನ ಹಳ್ಳಿ ಇಲ್ಲಿಂದ ಎರಡು ಹರದಾರಿ ದೂರ ಎಂದು ನನಗೆ ಗೊತ್ತಿತ್ತು. ಹದಿಮೂರು ವರ್ಷ ಆ ಕಡೆ ತಲೆಹಾಕಲಿಲ್ಲ.

ಹೋದ ತಿಂಗಳು ಒಬ್ಬ ಹೆಂಗಸು ರವಿಕೆ ಹೊಲಿಸಲು ಬಂದಳು. ಅಳತೆ ಕೊಡುತ್ತ ಮನೆಯ ಕಷ್ಟಸುಖ ಆಡಿದಳು. “ನಮ್ಮ ನಾದಿನಿ ಒಬ್ಳು ಅವ್ಳೆ. ಕೆ.ಜಿ.ಎಫ್.ನಾಗೆ ಕಳ್ಳತನ ಮಾಡಿ ಓಡಿಸ್ಕೊಂಡು ಬಂದೋಳು. ಗೇಯ್ಮೆ ಏನೋ ಚೆಂದಾಗಿ ಗೇಯ್ತಾಳೆ. ಆದ್ರೂ ಉಗ್ರಾಣದ ಬೀಗದಕೈ ಮಾತ್ರ ನಾನು ಅವ್ಳ ಕೈಗೆ ಕೊಡಾಕಿಲ್ಲ,” ಎಂದಳು. ಹೆಸರೇನು ಎಂದು ಕೇಳಿದೆ. ಕೇಳುವ ಅಗತ್ಯವೇ ಇರಲಿಲ್ಲ. ಎಷ್ಟು ಅಳತೆ ತೆಗೆದೆನೋ, ಆ ರವಿಕೆಯನ್ನು ಎರಡು ಸಲ ಬಿಚ್ಚಿ ಹೊಲಿಯಬೇಕಾಯಿತು.

ರವಿಕೆ ಕೊಡುವ ನೆಪ ಮಾಡಿಕೊಂಡು ನಾನೇ ಹಳ್ಳಿಗೆ ಹೋದೆ. ಯಲ್ಲಮ್ಮ ಕೊಟ್ಟಿಗೆಯ ಮುಂದೆ ಹುಲ್ಲು ಹಾಕುತ್ತಿದ್ದಳು. ತಲೆ ಅರ್ಧ ನೆರೆತಿದೆ. ಗುರುತು ಹಿಡಿದವಳೇ ಕೈಯನ್ನು ಸೀರೆಗೆ ಒರೆಸಿಕೊಂಡು ಓಡಿ ಬಂದು ನನ್ನೆರಡೂ ಕೈ ಹಿಡಿದಳು.

“ಅಕ್ಕಾ! ಬದುಕಿದ್ದೀನೋ ಸತ್ತಿದ್ದೀನೋ ಅಂತ ನೋಡಾಕೆ ಬಂದ್ರಾ? ಊರಿಗಾಮ್‌ನಾಗೆ ಎಲ್ರೂ ನನ್ನ ಕಳ್ಳಿ ಅಂದ್ರು. ನೀವೊಬ್ರೇ ಅನ್ನಲಿಲ್ಲ. ಎದ್ರಿಕೊಂಡು ಸುಮ್ಕಿದ್ರಿ, ಅಷ್ಟೆಯಾ. ಅದ್ಕೇ ನಿಮ್ಮ ಮೇಲೆ ನಂಗೆ ಕ್ವಾಪನೇ ಬರ್ಲಿಲ್ಲ.”

ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಕೊಟ್ಟ ಮಜ್ಜಿಗೆಯ ಲೋಟ ಕೈಯಲ್ಲಿತ್ತು. ಕುಡಿದು, ಕ್ಷೇಮ ಸಮಾಚಾರ ಆಡಿ, ಎದ್ದು ಬಂದುಬಿಡಬಹುದಿತ್ತು— ಸುಳ್ಳು ಹೇಳುವುದಿಲ್ಲ, ಆ ಯೋಚನೆ ಬಂತು. ಲೋಟ ಕೆಳಗಿಟ್ಟೆ. ನಾನು ಸುಮ್ಮನಿರಲಿಲ್ಲ ಯಲ್ಲಮ್ಮ ಎಂದೆ. ದೊರೆಸಾನಿ ನನ್ನನ್ನು ಕೇಳಿದರು, ನಾನು ಅಲ್ಲ ಎಂದೆ, ಮಷಿನ್ನಿನ ಆಸೆಗೆ ಅಲ್ಲ ಎಂದೆ, ಚೀಟಿಯನ್ನು ಸುಟ್ಟೆ. ಎಲ್ಲ ಹೇಳಿದೆ.

ಅವಳು ನನ್ನಿಂದ ಒಂದು ಹೆಜ್ಜೆ ಹಿಂದೆ ಸರಿದಳು.

“ನಾನು ನಿಮಗೆ ಕೊಟ್ಟ ಮಾತಿಗೋಸ್ಕರ ಬಾಯಿ ಕಟ್ಕೊಂಡು ನಿಂತಿದ್ನಲ್ಲ, ಆವಾಗ ನೀವು ಮಾತಾಡ್ತಿದ್ರಾ?”

“ಹೌದು.”

ಅಳಲಿಲ್ಲ, ಬೈಯಲಿಲ್ಲ. ಮನೆಯ ಕಡೆ ತಿರುಗಿ, “ಅತ್ತಿಗೆ, ಒಸಿ ಈಚೆ ಬಾ,” ಎಂದು ಕೂಗಿದಳು. ಅತ್ತಿಗೆ ಬಂದಳು. “ಈಗ ಅದ್ನೆಲ್ಲ ಇವ್ಳಿಗೂ ಏಳಿ,” ಎಂದಳು ನನಗೆ. ಹೇಳಿದೆ. ಹೊಲದಿಂದ ಅಣ್ಣ ಬಂದ. “ಇನ್ನೊಂದ್ಸಲ ಏಳಿ.” ಹೇಳಿದೆ. ಪಕ್ಕದ ಮನೆಯ ಇಬ್ಬರು ಬೇಲಿಯ ಹತ್ತಿರ ನಿಂತಿದ್ದರು, ಅವರನ್ನೂ ಕರೆದಳು. ಅವರಿಗೂ ಹೇಳಿದೆ. ಅತ್ತಿಗೆ ತನ್ನ ಸೊಂಟದ ಬೀಗದಕೈ ಗೊಂಚಲನ್ನು ಬೆರಳಲ್ಲಿ ಹೊರಳಿಸುತ್ತ ನೆಲ ನೋಡುತ್ತಿದ್ದಳು.

ಎಲ್ಲ ಮುಗಿದ ಮೇಲೆ ಯಲ್ಲಮ್ಮ ಹುಲ್ಲಿನ ಕಂತೆ ಎತ್ತಿಕೊಂಡಳು. ಕ್ಷಮಿಸು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ, ಅವಳೂ ಆ ಮಾತು ತೆಗೆಯಲಿಲ್ಲ. ನನ್ನ ಕಡೆ ನೋಡದೆ ಕೇಳಿದ್ದು ಇಷ್ಟೇ:

“ಇವ್ರಿಗೆ ಏಳಿದ್ರಿ. ಊರಿಗಾಮ್ ಲೈನಿನೋರಿಗೆ ಯಾರು ಏಳೋರು?”

ಅವರೆಲ್ಲಿದ್ದಾರೆ ಈಗ? ಎಡಗಡೆ ಮನೆಯವರು ಅದೇ ಕೆ.ಜಿ.ಎಫ್.ನ ಕೋರಮಂಡಲ್ ಕಡೆಗೆ ಹೋದರೆಂದು ಕೇಳಿದ್ದೆ, ಬಲಗಡೆಯವರು ಆಂಧ್ರಕ್ಕೆ. ಮಿಕ್ಕವರು ಯಾವ ಊರಿನಲ್ಲೋ. ನಾನು ಬಾಗಿಲು ಬಾಗಿಲಿಗೂ ಹೋಗಲಾರೆ. ಆದ್ದರಿಂದ ಇದನ್ನು ಬರೆದಿದ್ದೇನೆ. ಅಂದು ನಲ್ಲಿ ಹತ್ತಿರ ಕೊಡ ಸರಿಸಿಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ, ಓದು ಬಾರದವರಿಗೆ ಯಾರಾದರೂ ಓದಿ ಹೇಳುತ್ತಿದ್ದರೆ— ಕೇಳಿ. ನಾನು ಅದೇ ಲೈನಿನ ಹೊಲಿಗೆ ಕಮಲಮ್ಮ. ಯಲ್ಲಮ್ಮ ಏನನ್ನೂ ಕದಿಯಲಿಲ್ಲ. ಗಿಡ ಎಸೆದವಳು ನಾನು, ಅವಳಿಗೆ ತಗೊಂಡು ಹೋಗು ಎಂದವಳು ನಾನು, ನನ್ನದಲ್ಲ ಎಂದವಳೂ ನಾನೇ.